ನೀಟ್ ಈ ವರ್ಷವೋ, ಮುಂದಿನ ವರ್ಷವೋ? ಮೊದಲು ಪ್ರಶ್ನೆಪತ್ರಿಕೆ ಎತ್ತಿಡಿ

ಏಪ್ರಿಲ್ ಮೂರನೇ ವಾರ ಬಂತೆಂದರೆ ನನ್ನ ಮೊಬೈಲ್‌ಗೆ ಬಿಡುವಿಲ್ಲ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತನಾದವನಿಗೆ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಕುರಿತು ಬರುವ ಕರೆಗಳೆಲ್ಲ ಒಂದೇ ಬಗೆಯವು. "ಸರ್, ಮಗಳ ತಯಾರಿ ಸಾಲದು. ಈ ಸಲ ನೀಟ್ ಬಿಟ್ಟು ಮುಂದಿನ ವರ್ಷ ಬರೆಸೋಣ ಎಂದುಕೊಂಡಿದ್ದೇವೆ." ಜೂನ್‌ನಲ್ಲಿ ಎರಡನೇ ಸುತ್ತಿನ ಕರೆಗಳು: "ಸರ್, ಲಾಂಗ್ ಟರ್ಮ್‌ಗೆ ದುಡ್ಡು ಕಟ್ಟಿಬಿಟ್ಟೆವು, ಸರಿ ಮಾಡಿದೆವು ತಾನೇ?" ಲಾಂಗ್ ಟರ್ಮ್ ಎಂದರೆ ಮತ್ತೆ ನೀಟ್ ಬರೆಯುವವರಿಗೆ ವರ್ಷವಿಡೀ ನಡೆಯುವ ಕೋಚಿಂಗ್. ದುಡ್ಡು ಕಟ್ಟಿದ ಮೇಲೆ ಕೇಳಿದರೆ ನಾನೇನು ಹೇಳಲಿ?

ಎರಡು ಬೇರೆ ನಿರ್ಧಾರಗಳನ್ನು ಒಂದೇ ಗಂಟು ಹಾಕುವುದರಿಂದ ಈ ಪಾಡು. ಮೇ ತಿಂಗಳಲ್ಲಿ ಪರೀಕ್ಷೆಗೆ ಕೂರುವುದೇ ಬೇಡವೇ ಎಂಬುದು ಒಂದು. ಫಲಿತಾಂಶದ ನಂತರ ಇನ್ನೊಂದು ವರ್ಷ ಕೊಡಬೇಕೇ ಎಂಬುದು ಇನ್ನೊಂದು. ಅಮೆರಿಕದ ವೈದ್ಯಕೀಯ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನಲ್ಲಿ ಶುಲ್ಕ ಕಟ್ಟಿ ಬೇರೆ ದಿನಾಂಕಕ್ಕೆ ಜಾರಬಹುದು. ನಮ್ಮ ನೀಟ್ ನಡೆಯುವುದು ವರ್ಷಕ್ಕೊಮ್ಮೆ. ಇಲ್ಲಿ ಮುಂದೂಡುವುದೆಂದರೆ ಹನ್ನೆರಡು ತಿಂಗಳು.

ಹಂತ 1: ಹೋಗಿ ಬರೆಯಿರಿ

ಆಸ್ಪತ್ರೆಯಲ್ಲಿ ಮಲಗಿದ್ದರೆ ಬೇರೆ ಮಾತು. ಉಳಿದಂತೆ ಬರೆಯಲೇಬೇಕು ಎಂಬುದು ನನ್ನ ಹಟ. ಎಷ್ಟು ಸಲ ಬರೆಯಬಹುದು ಎಂಬುದಕ್ಕೆ ಮಿತಿಯಿಲ್ಲ, ವಯಸ್ಸಿನ ಮೇಲ್ಮಿತಿಯನ್ನು 2022ರಲ್ಲೇ ತೆಗೆದುಹಾಕಿದ್ದಾರೆ. ಕಡಿಮೆ ಅಂಕ ಬಂದರೆ ಅದು ಮುಂದಿನ ವರ್ಷಕ್ಕೆ ಅಂಟಿಕೊಳ್ಳುವುದಿಲ್ಲ. ಸಾಮಾನ್ಯ ವರ್ಗದವರು 2025ರಲ್ಲಿ ಕಟ್ಟಿದ 1,700 ರೂಪಾಯಿ ಬರೆಯದಿದ್ದರೆ ಮರಳಿ ಬರುತ್ತಿರಲಿಲ್ಲ. ಮಧ್ಯಾಹ್ನ 1.30ಕ್ಕೆ ಗೇಟು ಮುಚ್ಚುವುದು, ಬೂಟು ಕಳಚಿ ಚಪ್ಪಲಿಯಲ್ಲಿ ಹೋಗುವುದು, 180 ನಿಮಿಷದಲ್ಲಿ 180 ಪ್ರಶ್ನೆಗಳ ಹಿಂದೆ ಓಡುವುದು ಇವೆಲ್ಲ ಮನೆಯ ಅಣಕು ಪರೀಕ್ಷೆಯಲ್ಲಿ ಸಿಗುವುದಿಲ್ಲ.

ಒಂದು ಕೆಲಸ ಮಾತ್ರ ತಪ್ಪದೆ ಮಾಡಿ. ಊಹಿಸಿ ಉತ್ತರಿಸಿದ ಪ್ರತಿ ಪ್ರಶ್ನೆಯ ಪಕ್ಕ ಒಂದು ಚುಕ್ಕೆ ಇಡಿ. ಉತ್ತರದ ವೃತ್ತ ತುಂಬುವ ಒಎಂಆರ್ ಹಾಳೆಯಲ್ಲಲ್ಲ, ಪ್ರಶ್ನೆಪತ್ರಿಕೆಯ ಪುಸ್ತಿಕೆಯಲ್ಲಿ.

ಹಂತ 2: ತಪ್ಪುಗಳನ್ನು ನಾಲ್ಕು ಕಾಲಂಗೆ ಹಂಚಿ

ಎಲ್ಲರೂ ಎಡವುವುದು ಇಲ್ಲೇ. ಒಎಂಆರ್ ಹಾಳೆಯನ್ನು ಒಪ್ಪಿಸಿ ಪುಸ್ತಿಕೆಯನ್ನು ಮನೆಗೆ ತರಬಹುದು. ತಂದವರು ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಎಸೆದು ಹೋಟೆಲ್‌ಗೆ ಹೋಗುತ್ತಾರೆ, ವಾರದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಕೈಗೆ ಬಂದ ತಕ್ಷಣ ಬೀರುವಿನಲ್ಲಿಡಿ. ಅಂದು ಸಂಜೆಯೇ ಕೋಚಿಂಗ್ ಸಂಸ್ಥೆಗಳು ಹಂಚುವ ಕೀ ಉತ್ತರಗಳನ್ನು ನೋಡಬೇಡಿ. ಒಂದರದು ಇನ್ನೊಂದಕ್ಕೆ ತಾಳೆಯಾಗುವುದಿಲ್ಲ, ರಾತ್ರಿ ನಿದ್ದೆಗೆಡುವುದೊಂದೇ ಲಾಭ. ಪರೀಕ್ಷೆ ನಡೆಸುವ ಎನ್‌ಟಿಎ ತಾತ್ಕಾಲಿಕ ಕೀ ಉತ್ತರಗಳನ್ನೂ ನಿಮ್ಮ ಒಎಂಆರ್ ಹಾಳೆಯ ಚಿತ್ರವನ್ನೂ ಬಿಡುಗಡೆ ಮಾಡುವವರೆಗೆ ಕಾಯಿರಿ. ಯಾವುದಾದರೂ ಉತ್ತರ ತಪ್ಪೆನಿಸಿದರೆ ಪ್ರಶ್ನೆಗೆ 200 ರೂಪಾಯಿ ಕಟ್ಟಿ ಆಕ್ಷೇಪಿಸಬಹುದು, ಆ ಹಣ ವಾಪಸ್ ಬರುವುದಿಲ್ಲ.

ಈಗ ಗೆರೆ ಎಳೆದ ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಕಾಲಂ, ಓದಿರಲಿಲ್ಲ. ಎರಡನೆಯದು, ಊಹೆ. ಮೂರನೆಯದು, ಗೊತ್ತಿದ್ದೂ ತಪ್ಪಿದೆ: ಲೆಕ್ಕದಲ್ಲಿ ಸೊನ್ನೆ ಬಿಟ್ಟದ್ದು, "ತಪ್ಪು ಹೇಳಿಕೆಯನ್ನು ಗುರುತಿಸಿ" ಎಂದಿದ್ದರೆ ಸರಿಯಾದುದನ್ನು ಗುರುತಿಸಿದ್ದು, ಒಂದು ಸಾಲು ಕೆಳಗೆ ವೃತ್ತ ತುಂಬಿದ್ದು. ನಾಲ್ಕನೆಯದು, ಸರಿಯೆಂದೇ ನಂಬಿದ್ದೆ. ಪ್ರತಿಯೊಂದರ ಮುಂದೆ ಅಧ್ಯಾಯದ ಹೆಸರನ್ನೂ ಅದು ಪ್ರಥಮ ಪಿಯುವಿನದೋ ದ್ವಿತೀಯದ್ದೋ ಎಂಬುದನ್ನೂ ಬರೆಯಿರಿ. ಮಕ್ಕಳು ಎಲ್ಲವನ್ನೂ ಮೂರನೇ ಕಾಲಂಗೆ ತಳ್ಳಲು ನೋಡುತ್ತಾರೆ. ಅಂಥ ಪ್ರಶ್ನೆಯನ್ನು ಪುಸ್ತಕ ಮುಚ್ಚಿಸಿ ಮತ್ತೆ ಬಿಡಿಸಲು ಹೇಳಿ. ಬಿಡಿಸಲಾಗದಿದ್ದರೆ ಅದರ ಜಾಗ ಒಂದನೇ ಕಾಲಂ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಒಂದು ಲೆಕ್ಕ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಇಬ್ಬರಿಗೂ 720ಕ್ಕೆ 365 ಬಂದಿದೆ ಎನ್ನಿ. ಹುಡುಗಿ ಉತ್ತರಿಸಿದ್ದು ನೂರು ಪ್ರಶ್ನೆಗೆ, ಸರಿ 93, ತಪ್ಪು 7. ಖಾಲಿ ಬಿಟ್ಟ 80ರಲ್ಲಿ ಭೌತಶಾಸ್ತ್ರದವು 38, ರಸಾಯನಶಾಸ್ತ್ರದವು 30. ಹುಡುಗ ಉತ್ತರಿಸಿದ್ದು 160ಕ್ಕೆ, ಸರಿ 105, ತಪ್ಪು 55. ಅವನ ಚುಕ್ಕೆಗಳನ್ನು ಎಣಿಸಿದರೆ 26, ಅದರಲ್ಲಿ ಸರಿಯಾದವು ನಾಲ್ಕೇ. ಹದಿನಾರು ಅಂಕ ಬಂತು, 22 ಹೋಯಿತು. ಊಹೆಯಿಂದ ಆದ ನಷ್ಟ ಆರೇ ಅಂಕ. ಅಪ್ಪ ಮಾತ್ರ ಮನೆಯಿಡೀ "ನೆಗೆಟಿವ್ ಮಾರ್ಕಿಂಗ್ ಕೊಂದಿತು" ಎಂದು ಹೇಳಿಕೊಂಡು ಓಡಾಡುತ್ತಿರುತ್ತಾರೆ. ಕೊಂದದ್ದು ಮೂರನೇ ಕಾಲಂ. ಅಲ್ಲಿ 20 ಪ್ರಶ್ನೆಗಳಿವೆ, ಒಂದೊಂದಕ್ಕೂ ಬರಬೇಕಾದ ನಾಲ್ಕು ಹೋಗಿ ಮೇಲೊಂದು ಕಡಿತ, ಒಟ್ಟು ನೂರು ಅಂಕ. ಉಳಿದ 13 ತಪ್ಪುಗಳು ನಾಲ್ಕನೇ ಕಾಲಂನವು.

ಹುಡುಗಿ ಒಂದು ವರ್ಷ ಕೊಡಲಿ. ಪಾಠವೇ ಆಗದ ಅಧ್ಯಾಯಗಳನ್ನು ಕಲಿಯಲು ವರ್ಷ ಸಾಕು, ಕಲಿತದ್ದನ್ನು ಆಕೆ ಕೆಡಿಸುವುದಿಲ್ಲ ಎಂಬುದಕ್ಕೆ ಆ 93 ಸಾಕ್ಷಿ. ಹುಡುಗನನ್ನು ಹಾಸ್ಟೆಲ್‌ಗೆ ಹಾಕಿ ಅದೇ ಪಾಠವನ್ನು ಮತ್ತೆ ಕೇಳಿಸಿದರೆ ಬೇಸರ ಹೆಚ್ಚೀತು, ಅಂಕ ಹೆಚ್ಚುವುದು ಅನುಮಾನ. ಅವನು ಸಿಕ್ಕಿದ ಪದವಿಗೆ ಸೇರಿಕೊಂಡು, ಪ್ರತಿ ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಗಡಿಯಾರ ಇಟ್ಟುಕೊಂಡು ಬರೆದು, ಮುಂದಿನ ಮೇನಲ್ಲಿ ಮತ್ತೆ ಕೂರಬಹುದು. ಇನ್ನು ನಾಲ್ಕನೇ ಕಾಲಂ ಉದ್ದವಾಗಿದ್ದರೆ ಯಾವ ಬ್ಯಾಚೂ ಬೇಡ. ವಿಷಯ ಬಲ್ಲ ಒಬ್ಬ ಮೇಷ್ಟ್ರ ಮುಂದೆ ಕೂತು ಒಂದೊಂದೇ ತಪ್ಪು ತಿಳಿವಳಿಕೆಯನ್ನು ಕಿತ್ತುಹಾಕಬೇಕು. ನೂರೈವತ್ತು ಜನರ ತರಗತಿಯಲ್ಲಿ ಅದು ಆಗುವ ಕೆಲಸವಲ್ಲ.

ಹಂತ 3: ಅಂಕ ಬಿಡಿ, ರ‍್ಯಾಂಕ್ ನೋಡಿ

2024ರ ಮೊದಲ ಫಲಿತಾಂಶದಲ್ಲಿ 67 ಮಂದಿಗೆ ಪೂರ್ಣ 720 ಬಂದಿತ್ತು, ಪರಿಷ್ಕರಿಸಿದ ಮೇಲೆ 17 ಮಂದಿ ಉಳಿದರು. ಮರುವರ್ಷ ಭೌತಶಾಸ್ತ್ರ ಎಲ್ಲರನ್ನೂ ಮಂಡಿಯೂರಿಸಿತು, ದೇಶದ ಮೊದಲ ರ‍್ಯಾಂಕ್ ಪಡೆದವರಿಗೇ 686. ಸಾಮಾನ್ಯ ವರ್ಗದ ಅರ್ಹತಾ ಅಂಕ 162ರಿಂದ 144ಕ್ಕೆ ಇಳಿಯಿತು. ಹೀಗಿರುವಾಗ "ಅಣ್ಣನಿಗೆ ಇಷ್ಟು ಅಂಕಕ್ಕೆ ಸೀಟು ಸಿಕ್ಕಿತ್ತು" ಎಂಬ ಮಾತಿಗೆ ಬೆಲೆಯಿಲ್ಲ. ಪರೀಕ್ಷೆಯ ರಾತ್ರಿಯೇ ರ‍್ಯಾಂಕ್ ಹೇಳುವ ಆ್ಯಪ್‌ಗಳನ್ನು ಮೊಬೈಲ್‌ನಿಂದ ತೆಗೆದುಹಾಕಿ. ನಿಮ್ಮ ದೂರವಾಣಿ ಸಂಖ್ಯೆ ಅವರಿಗೆ ಸಿಗುತ್ತದೆ, ಮರುದಿನದಿಂದ ಕೋಚಿಂಗ್‌ನವರ ಕರೆಗಳು ನಿಮಗೆ ಸಿಗುತ್ತವೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸೀಟು ಹಂಚುವ ಪ್ರತಿ ಸುತ್ತಿನ ಕಟ್ ಆಫ್, ಅಂದರೆ ಸೀಟು ಸಿಕ್ಕ ಕೊನೆಯ ರ‍್ಯಾಂಕ್, ಪ್ರಕಟಿಸುತ್ತದೆ. ಮೊದಲ ಸುತ್ತಿನದನ್ನು ನೋಡಿ ಎದೆಗುಂದಬೇಡಿ, ಕೊನೆಯ ಸುತ್ತಿನದನ್ನು ತೆಗೆಯಿರಿ. ಅದರಲ್ಲಿ ನಿಮ್ಮ ಸಾಲು ಸಾಮಾನ್ಯ ವರ್ಗದ ಜಿಎಂ ಆಗಿರಬಹುದು, ಗ್ರಾಮೀಣದ ಜಿಎಂಆರ್ ಆಗಿರಬಹುದು, 2ಎ ಪ್ರವರ್ಗದ ಕನ್ನಡ ಮಾಧ್ಯಮದವರ 2ಎಕೆ ಆಗಿರಬಹುದು. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರಿಗೆ ಸಂವಿಧಾನದ 371ಜೆ ವಿಧಿಯ ಅಡಿ ಅಲ್ಲಿನ ಕಾಲೇಜುಗಳಲ್ಲಿ ಶೇ 70, ಉಳಿದೆಡೆ ಶೇ 8 ಮೀಸಲಿದೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದ ಹುಡುಗನೊಬ್ಬ ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರವನ್ನೇ ಮಾಡಿಸಿರಲಿಲ್ಲ. ಸೀಟು ತಪ್ಪಿತೆಂದು ಲಾಂಗ್ ಟರ್ಮ್‌ಗೆ ಸೇರಿದ. ಅವನಿಗೆ ಕೊರತೆಯಾಗಿದ್ದು ಓದಲ್ಲ, ಒಂದು ಹಾಳೆ. ಅರ್ಜಿ ತುಂಬುವಾಗಲೇ ಈ ಮೀಸಲಾತಿಗಳನ್ನೆಲ್ಲ ಕೋರಿಕೊಳ್ಳಬೇಕು.

ಹಂತ 4: "ಸುಮ್ಮನೆ ಒಂದು ಆಪ್ಷನ್ ಹಾಕೋಣ" ಎನ್ನಬೇಡಿ

ವರ್ಷ ಬಿಡುವುದೆಂದು ತೀರ್ಮಾನಿಸಿದ ಮೇಲೂ ಕುತೂಹಲಕ್ಕೆ ಕೊನೆಯ ಸುತ್ತಿನವರೆಗೆ ಸೀಟು ಹಂಚುವ ಕೌನ್ಸೆಲಿಂಗ್‌ನಲ್ಲಿ ಉಳಿಯುವವರಿದ್ದಾರೆ. ಅಖಿಲ ಭಾರತ ಕೋಟಾದ ಸೀಟು ಹಂಚುವ ಎಂಸಿಸಿಯ ಕೊನೆಯ ಸುತ್ತಾದ ಸ್ಟ್ರೇ ಸುತ್ತಿನಲ್ಲಿ ಸೀಟು ಹಂಚಿಕೆಯಾಗಿ ಸೇರದಿದ್ದರೆ ಠೇವಣಿ ಹೋಗುವುದಷ್ಟೇ ಅಲ್ಲ, ಮುಂದಿನ ನೀಟ್ ಬರೆಯಲೂ ಬಿಡದ ನಿಯಮ ಇತ್ತೀಚಿನ ವರ್ಷಗಳಲ್ಲಿದೆ. ಯಾವುದಕ್ಕಾಗಿ ವರ್ಷ ಬಿಟ್ಟಿರೋ ಅದೇ ಕೈತಪ್ಪಿದಂತೆ. ಆ ವರ್ಷದ ಮಾಹಿತಿ ಪುಸ್ತಿಕೆಯ ದಂಡದ ಪುಟವನ್ನು ಮೊದಲು ಓದಿ, ಆಮೇಲೆ ಆಪ್ಷನ್ ತುಂಬಿ. ದಂತವೈದ್ಯಕೀಯಕ್ಕೆ ಸೇರಿಕೊಂಡು ಒಳಗೊಳಗೇ ನೀಟ್‌ಗೆ ಓದುವುದೂ ನನಗೆ ಹಿಡಿಸದ ದಾರಿ. ಬಿಡುವಾಗ ಮೂಲ ದಾಖಲೆಗಳಿಗಾಗಿ ಅಲೆಯಬೇಕು, ಇನ್ನೊಬ್ಬರ ಸೀಟೂ ಹಾಳು.

ಹಂತ 5: ಕೋಚಿಂಗ್

ದುಡ್ಡು ಕಂತಿನಲ್ಲಿ ಕಟ್ಟಿ, ಬಿಟ್ಟರೆ ಎಷ್ಟು ಮರಳಿಸುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ, ಫ್ಲೆಕ್ಸ್‌ನ ಮುಖಗಳನ್ನು ಎಣಿಸಬೇಡಿ. ಗೋಣಿಚೀಲದಷ್ಟು ಮಾಡ್ಯೂಲ್‌ಗಳನ್ನು ಕೊಳ್ಳುವ ಬದಲು ಎನ್‌ಸಿಇಆರ್‌ಟಿ ಜೀವಶಾಸ್ತ್ರದ ಎರಡು ಪುಸ್ತಕಗಳನ್ನು ಚಿತ್ರದ ಅಡಿಬರಹ ಬಿಡದೆ ಓದಿ.

ಹಂತ 6: ದಸರೆಗೆ ಮತ್ತೊಂದು ಹಾಳೆ

ಮೇ ತಿಂಗಳ ನಾಲ್ಕು ಕಾಲಂಗಳ ಹಾಳೆಯನ್ನು ಓದುವ ಮೇಜಿನ ಮುಂದಿನ ಗೋಡೆಗೆ ಅಂಟಿಸಿ. ದಸರಾ ರಜೆಯಲ್ಲಿ ಹೊಸ 180 ಪ್ರಶ್ನೆಗಳನ್ನು ಮೂರೇ ಗಂಟೆಯಲ್ಲಿ ಬರೆದು ಅದರ ಪಕ್ಕ ಇನ್ನೊಂದು ಹಾಳೆ ತೂಗುಹಾಕಿ. ಒಂದನೇ ಕಾಲಂ ಅರ್ಧಕ್ಕಿಳಿದಿದ್ದರೆ ಮುಂದುವರಿಯಿರಿ. ಇಳಿದಿಲ್ಲವಾದರೆ ಅಪ್ಪ, ಅಮ್ಮ, ಮಕ್ಕಳು ಅಂದೇ ಕೂತು ಮಾತಾಡಿ. ಎರಡರಲ್ಲಿ ಯಾವುದಾದರೂ ಸರಿ, ಕೆಇಎ ಸಿಇಟಿಗೆ ಅರ್ಜಿ ಕರೆದಾಗ ಅದನ್ನೂ ತುಂಬಿ. ಕೃಷಿ, ಪಶುವೈದ್ಯ, ಬಿಎಸ್ಸಿ ನರ್ಸಿಂಗ್ ಸೀಟುಗಳಿಗೆ ದಾರಿ ಅಲ್ಲಿಂದಲೇ. ಲಾಂಗ್ ಟರ್ಮ್‌ನ ಮಕ್ಕಳು ಮರೆಯುವ ಅರ್ಜಿಯೂ ಅದೇ.