ಎರಡು ಸೀಮೆಗೆ ಮೂರು ಬಾವುಟ

ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಮುತ್ತಲ ನಾಟಕ ತಂಡಗಳಿಗೆ ಬಟ್ಟೆ ಹೊಲಿದುಕೊಡುವುದು ನನ್ನ ಕೆಲಸ. ರಾಜನ ನಿಲುವಂಗಿ, ಸೇವಕನ ಪೇಟ, ಹಿಂದಿನ ಪರದೆ, ಎಲ್ಲವೂ ಬರುತ್ತದೆ. ಈ ಸಲ ಬಂದಿದ್ದು ಬಾವುಟದ ಕೆಲಸ. ನಮ್ಮ ಕಡೆಯ ಹುಡುಗರೇ ಬರೆದ ಹೊಸ ನಾಟಕ. ಅದರಲ್ಲಿ ಎರಡು ಪುಟ್ಟ ರಾಜ್ಯಗಳು. ಬೆಟ್ಟದ ಮೇಲಿನದು ಮೇಲ್ಸೀಮೆ, ಕೆಳಗೆ ಹೊಳೆ ದಂಡೆಯದು ಹೊಳೆಸೀಮೆ. ಎರಡೂ ಕಟ್ಟುಕತೆಯ ಊರುಗಳು. ಜಗಳ ಆಡುತ್ತವೆ, ಕೊನೆಗೆ ಒಂದಾಗುತ್ತವೆ. ಆಟ ನಡೆಯುವುದು ಬಯಲಿನಲ್ಲಿ, ಸಂಜೆ ಹೊತ್ತು. ಯಾರು ಯಾವ ಕಡೆಯವರು ಅನ್ನುವುದು ಹಿಂದಿನ ಸಾಲಿನವರಿಗೂ ಬಾವುಟ ನೋಡಿದ ಕೂಡಲೇ ಗೊತ್ತಾಗಬೇಕು. ನನಗೆ ಕೊಟ್ಟ ಕೆಲಸ ಇಷ್ಟು.

ಬಾವುಟ ಅಂದ ಕೂಡಲೇ ಎಲ್ಲರೂ ಕಾಗದದ ಮೇಲೆ ಚಿತ್ರ ಬರೆಯಲು ಕೂರುತ್ತಾರೆ. ನಾನು ಶುರು ಮಾಡುವುದು ಬಟ್ಟೆಯಿಂದ, ದೂರದಿಂದ. ಬಾವುಟ ಮಡಚಿಕೊಳ್ಳುತ್ತದೆ, ಸುರುಳಿ ಸುತ್ತಿಕೊಳ್ಳುತ್ತದೆ, ಗಾಳಿ ಇಲ್ಲದಿದ್ದರೆ ಸುಮ್ನೆ ಜೋತು ಬೀಳುತ್ತದೆ. ಅದನ್ನು ಪೂರ್ತಿ ಬಿಡಿಸಿದ ಹಾಗೆ ನೋಡುವ ಅವಕಾಶ ಜನರಿಗೆ ಸಿಗುವುದೇ ಕಡಿಮೆ. ಜೋತು ಬಿದ್ದಾಗಲೂ ಗುರುತು ಸಿಗುವಂಥ ಬಣ್ಣ, ಅರ್ಧ ಕಂಡರೂ ಸಾಕು ಅನ್ನಿಸುವಂಥ ಒಂದೇ ಒಂದು ಆಕಾರ. ಇವೆರಡು ಸಿಕ್ಕರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಇದಕ್ಕೆ ನನ್ನದೊಂದು ಅಳತೆ ಇದೆ. 3 ಅಡಿ ಉದ್ದದ ಬಾವುಟ 100 ಅಡಿ ದೂರದಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೋ, ಕೈ ಚಾಚಿ ಹಿಡಿದ 2 ಸೆಂಟಿಮೀಟರ್ ಚೀಟಿಯೂ ಹೆಚ್ಚು ಕಡಿಮೆ ಅಷ್ಟೇ ಕಾಣುತ್ತದೆ. ಹಾಗಾಗಿ ನಾನು ಬಾವುಟವನ್ನು ಮೊದಲು ಬರೆಯುವುದೇ ಅಂಥ ಚೀಟಿಯ ಮೇಲೆ. ಅದರಲ್ಲಿ ಹಿಡಿಸದ ಚಿತ್ರ ಬಾವುಟದಲ್ಲೂ ಹಿಡಿಸುವುದಿಲ್ಲ.

ನಿರ್ದೇಶಕ ಹುಡುಗ ಬಂದು ಕೇಳಿದ: "ಅಣ್ಣಾ, ಮೇಲ್ಸೀಮೆಗೆ ಗಂಡಭೇರುಂಡ ಹಾಕಿದ್ರೆ ಹೇಗೆ? ನಮ್ಮ ಸೀಮೆಯದ್ದೇ ಅಲ್ವಾ?"

ನಮ್ಮ ಸೀಮೆಯದ್ದೇ ನಿಜ. ಗಂಡಭೇರುಂಡ ಅಂದರೆ ಎಲ್ಲರಿಗೂ ಮೈಸೂರು ಅರಮನೆ ನೆನಪಾಗುತ್ತದೆ. ಆದರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲೇ ಒಂದು ಕಂಬ ನಿಲ್ಲಿಸಿ ಅದರ ತುದಿಯಲ್ಲಿ ಭೇರುಂಡನನ್ನು ಕೂರಿಸಿದ್ದಾರೆ. ಮೈ ಮನುಷ್ಯನದು, ತಲೆ ಮಾತ್ರ ಎರಡು ಹಕ್ಕಿಯವು. ಕೆಳದಿಯ ದೇವಸ್ಥಾನದ ಚಾವಣಿಯಲ್ಲೂ ಗಂಡಭೇರುಂಡ ಇದೆ. ಕತ್ತೆತ್ತಿ ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಆದರೆ ಅದು ಕಲ್ಲಿನ ಕೆಲಸ. ಕಲ್ಲು ಅಲ್ಲಾಡುವುದಿಲ್ಲ, ಹತ್ತಿರ ಹೋಗಿ ನೋಡಬಹುದು. ಆ ಕೊಕ್ಕು, ಆ ಗರಿ, ಆ ಉಗುರನ್ನು 2 ಸೆಂಟಿಮೀಟರ್ ಚೀಟಿಗೆ ಇಳಿಸಿ ಕೈ ಚಾಚಿ ಹಿಡಿದು ತೋರಿಸಿದೆ. "ಜೇಡದ ಥರ ಕಾಣ್ತದೆ" ಅಂದ ಅವನೇ. ಇನ್ನೂ ಒಂದು ಕಾರಣ ಇತ್ತು. ಗಂಡಭೇರುಂಡಕ್ಕೆ ಆಗಲೇ ಒಂದು ರಾಜ್ಯ ಇದೆ, ಒಂದು ಸರ್ಕಾರ ಇದೆ. ಇಲ್ಲದ ಊರಿಗೆ ಇರುವ ಊರಿನ ಲಾಂಛನ ಹಾಕಿದರೆ ನೋಡುವವರ ತಲೆಯಲ್ಲಿ ಬೇರೆಯದೇ ಕತೆ ಶುರುವಾಗುತ್ತದೆ.

ಅಡಿಕೆ ಮರವನ್ನೂ ಚೀಟಿಯ ಮೇಲೆ ಬರೆದೆ. ದೂರಕ್ಕೆ ಕಾಂಡ ಒಂದು ಗೆರೆ ಆಗುತ್ತದೆ, ಮೇಲಿನ ಸೋಗೆ ತೆಂಗಿನದೋ ಬಗನಿಯದೋ ಹೇಳಲು ಬರುವುದಿಲ್ಲ. ಸಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಚಂದ, ಆದರೆ ಎಳೆ ಎಳೆ ಜಾಸ್ತಿ. ಕೆನಡಾದವರು 1965ರಲ್ಲಿ ಮೇಪಲ್ ಎಲೆಯ ಬಾವುಟ ತಂದರು. ನಿಜವಾದ ಎಲೆಗೆ ಮೊನೆಗಳು ಎಷ್ಟೋ ಇವೆ. ಬಾವುಟದಲ್ಲಿ ಉಳಿಸಿಕೊಂಡಿದ್ದು 11 ಮಾತ್ರ. ಹಾಗೆ ಕಡಿಮೆ ಮಾಡುತ್ತಾ ಹೋದರೂ ಗುರುತು ಉಳಿಯುವ ವಸ್ತು ನಮ್ಮಲ್ಲಿ ಯಾವುದಿದೆ ಅಂತ ಯೋಚಿಸಿದೆ. ಹೊಳೆದಿದ್ದು ಕಂಬಳಿ ಕೊಪ್ಪೆ.

ಮಲೆನಾಡಿನವರಿಗೆ ಕೊಪ್ಪೆ ಏನು ಅಂತ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುವುದಾದರೆ, ಮಳೆಗೆ ತಲೆಯ ಮೇಲಿಂದ ಹೊದೆಯುವ ಮಡಚಿದ ಕಂಬಳಿ. ಪ್ಲಾಸ್ಟಿಕ್ ಬರುವ ಮುಂಚೆ ನಟ್ಟಿ ಗದ್ದೆಯಲ್ಲಿ ಎಲ್ಲರ ತಲೆ ಮೇಲೂ ಅದೇ. ಮೇಲೆ ಚೂಪು, ಕೆಳಗೆ ಅಗಲ, ಕಪ್ಪು. ಒಂದು ತ್ರಿಕೋನ ಬರೆದು, ಎರಡು ಬದಿಯ ಗೆರೆಯನ್ನು ಸ್ವಲ್ಪ ಹೊರಕ್ಕೆ ಬಾಗಿಸಿ, ಕೆಳಗೆ ನಡುವೆ ಒಂದು ಸಣ್ಣ ಸೀಳು ಬಿಟ್ಟರೆ ಕೊಪ್ಪೆ ಹೊದ್ದು ನಿಂತ ಮನುಷ್ಯ ಆಗಿಬಿಡುತ್ತಾನೆ. ಬೆಟ್ಟ ಅಂತಲೂ ಓದಬಹುದು. ಮಳೆಗೆ ಮೈ ಒಡ್ಡಿ ಬದುಕುವ ಸೀಮೆಗೆ ಇದಕ್ಕಿಂತ ಒಪ್ಪುವ ಗುರುತು ನನಗೆ ಸಿಗಲಿಲ್ಲ.

ಇನ್ನು ಬಣ್ಣ. ಮಲೆನಾಡು ಅಂದರೆ ಹಸಿರು, ಹಾಗಾಗಿ ಬಾವುಟವೂ ಹಸಿರು ಅನ್ನುವವರು ಬಹಳ ಜನ. ಹಸಿರು ಬಾವುಟವನ್ನು ಕಾಡಿನ ಮುಂದೆ ಹಿಡಿದರೆ ಕೋಲು ಮಾತ್ರ ಕಾಣುತ್ತದೆ. ಬಾವುಟ ತನ್ನ ಹಿನ್ನೆಲೆಯಿಂದ ಬೇರೆಯಾಗಿ ನಿಲ್ಲಬೇಕು. ನಮ್ಮಲ್ಲಿ ಹಿನ್ನೆಲೆ ಎರಡೇ. ಒಂದು ದಟ್ಟ ಹಸಿರು, ಇನ್ನೊಂದು ಮಂಜಿನ ಬಿಳಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅಂಥ ಕಡೆ ಬಿಳಿ ಬಾವುಟ ಹಾರಿಸಿದರೆ ಅದು ಮಂಜಿನೊಳಗೆ ಮಂಜು.

ಹಳೇ ಯುರೋಪಿನ ಲಾಂಛನ ಬರೆಯುವವರು ಒಂದು ಕಟ್ಟಳೆ ಮಾಡಿಕೊಂಡಿದ್ದರು. ಹಳದಿ ಮತ್ತು ಬಿಳಿ ಒಂದು ಗುಂಪು, ಚಿನ್ನ ಬೆಳ್ಳಿ ಇದ್ದ ಹಾಗೆ. ಕೆಂಪು, ನೀಲಿ, ಹಸಿರು, ಕಪ್ಪು ಇನ್ನೊಂದು ಗುಂಪು. ಒಂದು ಗುಂಪಿನ ಬಣ್ಣದ ಮೇಲೆ ಅದೇ ಗುಂಪಿನ ಬಣ್ಣ ಇಡಬಾರದು. ರಣರಂಗದ ಧೂಳಲ್ಲಿ ತಮ್ಮವರು ಯಾರು ಅಂತ ತಿಳಿಯಬೇಕಿತ್ತಲ್ಲ, ಆ ಕಾಲದ ಮಾತು. ನಮ್ಮ ಮಂಜಿಗೂ ಅದು ಸರಿಯಾಗಿ ಒಪ್ಪುತ್ತದೆ. ಹಳದಿಯ ಮೇಲೆ ಕಪ್ಪು ಕೊಪ್ಪೆ: ಮೇಲ್ಸೀಮೆ ಮುಗಿಯಿತು.

ಹೊಳೆಸೀಮೆಗೆ ನೀಲಿ ಬೇಡ ಅಂದೆ. ನಮ್ಮ ಹೊಳೆಗಳು ನೀಲಿ ಎಲ್ಲಿವೆ? ಮಳೆಗಾಲದಲ್ಲಿ ತುಂಗೆಯನ್ನು ನೋಡಿದವರಿಗೆ ಗೊತ್ತು, ನೀರು ಕೆಮ್ಮಣ್ಣಿನ ಬಣ್ಣ. ಅದೇ ಕೆಮ್ಮಣ್ಣಿನ ಕೆಂಪು, ಅದರ ಮೇಲೆ ಅಡ್ಡಡ್ಡ ಹರಿಯುವ ಒಂದು ದಪ್ಪ ಬಿಳಿ ಅಲೆ. ಕೆಂಪು ಆರಿಸಲು ಇನ್ನೊಂದು ಕಾರಣ ಬೆಳಕು. ಹೊತ್ತು ಮುಳುಗುತ್ತಾ ಬಂದ ಹಾಗೆ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ಹಳದಿ ಇನ್ನೂ ತಿಳಿಯಾಗೇ ಉಳಿಯುತ್ತದೆ. ಸಂಜೆ ಆಟದಲ್ಲಿ ಬಣ್ಣ ಪೂರ್ತಿ ಮಾಸಿದರೂ ಒಂದು ತಿಳಿ ಬಾವುಟ, ಒಂದು ಗಾಢ ಬಾವುಟ ಅನ್ನುವ ವ್ಯತ್ಯಾಸ ಉಳಿಯುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ ನೋಡಿದರೆ ಇದು ಕೂಡಲೇ ಗೊತ್ತಾಗುತ್ತದೆ. ಬಾವುಟ ಮಾಡುವವರು ಯಾರೇ ಆಗಲಿ, ಈ ಪರೀಕ್ಷೆ ಬಿಡಬೇಡಿ.

ಬರೀ ಕೇಸರಿ, ಬರೀ ಹಸಿರು, ಅಥವಾ ಕೇಸರಿ ಬಿಳಿ ಹಸಿರು ಒಟ್ಟಿಗೆ, ಇವು ಮೂರನ್ನೂ ನಾಟಕದ ಬಾವುಟಕ್ಕೆ ನಾನು ಮುಟ್ಟುವುದಿಲ್ಲ. ನಾಟಕದಲ್ಲಿ ಬಾವುಟ ಕೆಳಗಿಳಿಯುತ್ತದೆ, ಹರಿಯುತ್ತದೆ, ಕಾಲಡಿ ಬೀಳುತ್ತದೆ. ಶಿಕಾರಿಪುರದ ಈಸೂರಿನವರು 1942ರಲ್ಲಿ ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಏರಿಸಿ, ನಮ್ಮೂರು ಸ್ವತಂತ್ರ ಅಂತ ಸಾರಿದರು. ಅದರ ಹಿಂದೆಯೇ ನಡೆದ ಘಟನೆಗಳಿಗಾಗಿ ಮರುವರ್ಷ ಐವರನ್ನು ಗಲ್ಲಿಗೆ ಹಾಕಿದರು. ಒಂದು ತುಂಡು ಬಟ್ಟೆಗೆ ಎಷ್ಟು ಭಾರ ಇರಬಹುದು ಅಂತ ನಮ್ಮ ಜಿಲ್ಲೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಟಕ್ಕೆ ತರುವ ಬಾವುಟ ಯಾರ ನಿಜವಾದ ಬಾವುಟವನ್ನೂ ಹೋಲಬಾರದು.

ಹೊಲಿಗೆಗೆ 36 ಇಂಚು ಪನ್ನದ ಪಾಪ್ಲಿನ್ ತಂದೆ. ಕೆಂಪು ಬಟ್ಟೆಯನ್ನು ಮೊದಲೇ ನೀರಲ್ಲಿ ನೆನೆಸಿ ಒಗೆದು ಒಣಗಿಸಿದೆ. ಇಲ್ಲದಿದ್ದರೆ ಮೊದಲ ಮಳೆಗೇ ಬಿಳಿ ಅಲೆ ಗುಲಾಬಿ ಆಗುತ್ತದೆ. ಕೊಪ್ಪೆಯನ್ನು ಹಚ್ಚುವ ಕ್ರಮ ಹೀಗೆ. ಹಳದಿ ಬಟ್ಟೆಯ ಮೇಲೆ ಕಪ್ಪು ತುಂಡನ್ನು ಇಟ್ಟು, ಅಂಚಿನ ಗುಂಟ ಒತ್ತಾಗಿ ಜಿಗ್‌ಜಾಗ್ ಹೊಲಿಗೆ ಹಾಕಬೇಕು. ಆಮೇಲೆ ಬಟ್ಟೆ ತಿರುಗಿಸಿ, ಹೊಲಿಗೆಯ ಒಳಗಡೆ ಇರುವ ಹಳದಿಯನ್ನು ಸಣ್ಣ ಕತ್ತರಿಯಲ್ಲಿ ನಿಧಾನ ಕತ್ತರಿಸಿ ತೆಗೆಯಬೇಕು. ಆಗ ಎರಡೂ ಕಡೆ ಒಂದೇ ಪದರದ ಕಪ್ಪು ಕಾಣುತ್ತದೆ. ನಡುವೆ ಎರಡು ಪದರ ಉಳಿದರೆ ಅಲ್ಲೇ ಭಾರ ಬಿದ್ದು ಬಾವುಟ ಹಾರುವುದೇ ಇಲ್ಲ. ಹಿಂದಿನಿಂದ ನೋಡಿದರೂ ಅದೇ ಚಿತ್ರ ಕಾಣಬೇಕು ಅನ್ನುವುದೂ ಮುಖ್ಯ. 1971ರಲ್ಲಿ ಬಾಂಗ್ಲಾದೇಶದ ಬಾವುಟದ ನಡುವೆ ದೇಶದ ನಕ್ಷೆ ಇತ್ತು. ಎರಡೂ ಬದಿಯಲ್ಲಿ ಸರಿಯಾಗಿ ಮೂಡಿಸುವುದು ಕಷ್ಟ ಅಂತ ಮರುವರ್ಷ ಅದನ್ನು ತೆಗೆದು ಬರೀ ಕೆಂಪು ವೃತ್ತ ಉಳಿಸಿಕೊಂಡರು. ಆ ವೃತ್ತವೂ ಸರಿಯಾಗಿ ನಡುವೆ ಇಲ್ಲ, ಕೋಲಿನ ಕಡೆಗೆ ಸ್ವಲ್ಪ ಸರಿದಿದೆ. ಹಾರುವಾಗ ತುದಿಯ ಕಡೆ ಬಟ್ಟೆ ಮುದುಡುತ್ತದೆ, ಆಗ ಅದು ನಡುವೆ ಇದ್ದ ಹಾಗೆ ಕಾಣುತ್ತದೆ. ಕೊಪ್ಪೆಯನ್ನೂ ನಾನು ಹಾಗೇ ಕೋಲಿನ ಕಡೆಗೆ ಸರಿಸಿದೆ.

ಹೊಳೆಸೀಮೆಯ ಬಾವುಟಕ್ಕೆ ಕೋಲಿನ ಪಕ್ಕದಲ್ಲಿ ಒಂದು ಅಂಚು ಬೇಕು ಅನ್ನಿಸಿತು. ಕೆಮ್ಮಣ್ಣು, ಬಿಳಿ ಅಂದ ಮೇಲೆ ಹಸೆ ಚಿತ್ತಾರ ನೆನಪಾಗದೆ ಇರುತ್ತದಾ? ನಮ್ಮ ಕಡೆಯ ದೀವರು ಅನ್ನುವ ಸಮುದಾಯದವರ ಮನೆಗಳಲ್ಲಿ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಇಟ್ಟು, ಪುಂಡಿ ನಾರಿನ ಕುಂಚದಲ್ಲಿ ಬರೆಯುವ ಗೆರೆಗಳು. ಬರೆಯುವವರು ಹೆಂಗಸರು. ಆ ಗೆರೆ ನನ್ನದಲ್ಲ. ಅದಕ್ಕೆ ಕೇಳಿಯೇ ಹಾಕಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಬಾವುಟ ನಮ್ಮ ಕನ್ನಡ ಬಾವುಟದ ಬಣ್ಣದ್ದೇ. ಹಳದಿಯ ಮೇಲೆ ಕೆಂಪು ಸೂರ್ಯ, ನಾಲ್ಕು ದಿಕ್ಕಿಗೂ ಕಿರಣ. ಅಷ್ಟು ಅಚ್ಚುಕಟ್ಟಾದ ಬಾವುಟ ಕಡಿಮೆ. 1925ರಲ್ಲಿ ಅದು ಬಂತು. ಹ್ಯಾರಿ ಮೇರಾ ಅನ್ನುವ ವೈದ್ಯರು ಅಲ್ಲಿನ ಮೂಲನಿವಾಸಿಗಳಾದ ಜಿಯಾ ಜನರ ಹಳೇ ಮಡಕೆಯ ಮೇಲಿದ್ದ ಸೂರ್ಯನನ್ನು ತೆಗೆದುಕೊಂಡು ಮಾಡಿದ್ದು. ಆ ಸೂರ್ಯ ಜಿಯಾ ಜನರಿಗೆ ಪವಿತ್ರ. ನಮ್ಮನ್ನು ಕೇಳದೆ ತೆಗೆದುಕೊಂಡರು ಅಂತ ಅವರು ಹೇಳುತ್ತಲೇ ಬಂದಿದ್ದಾರೆ. ಬಾವುಟ ಎಷ್ಟೇ ಚಂದ ಇದ್ದರೂ ಆ ನೋವು ಅದರ ಜೊತೆಗೇ ಹಾರುತ್ತದೆ.

ನನಗೆ ಪರಿಚಯದ ಮನೆಯ ಹಿರಿಯರೊಬ್ಬರು ಚಿತ್ತಾರ ಬರೆಯುತ್ತಾರೆ. ಅವರ ಹತ್ತಿರ ಹೋಗಿ ಚೀಟಿ ತೋರಿಸಿದೆ.

"ಇದು ಮದುವೆ ಹಸೆ ಅಲ್ದ ತಮಾ," ಅಂದರು. "ಹಸೆಗೋಡೆದು ಕೋಲಿಗೆ ಕಟ್ಟಿ ಕುಣ್ಸದು ಬ್ಯಾಡ."

"ಹಾಗಾದ್ರೆ ಯಾವುದು ಹಾಕಬಹುದಮ್ಮಾ?"

ಒಳಗೆ ಹೋಗಿ ಭೂಮಣ್ಣಿ ಬುಟ್ಟಿ ತಂದರು. ಭೂಮಿ ಹುಣ್ಣಿಮೆಗೆ ಗದ್ದೆಗೆ ಬುತ್ತಿ ಒಯ್ಯುವ ಬುಟ್ಟಿ. ಅದರ ಬಾಯಿಯ ಸುತ್ತ ಇದ್ದ ಸಾದಾ ಗೆರೆಗಳ ಮೇಲೆ ಬೆರಳಿಟ್ಟು, "ಇದ್ನ ಹಾಕು. ಇದು ಹೊರಗೆ ಹೋಗದೇಯ," ಅಂದರು. ಜೊತೆಗೆ ಇನ್ನೊಂದು ಮಾತು: ಎರಡು ಗೆರೆಗಳ ನಡುವೆ ಒಂದು ಗೆರೆಯಷ್ಟೇ ಜಾಗ ಬಿಡಬೇಕು. ನಾನು ಬಿಳಿ ಟೇಪನ್ನು ಅದೇ ಲೆಕ್ಕದಲ್ಲಿ ಹೊಲಿದೆ. ದೂರದಿಂದ ಆ ಗೆರೆಗಳು ಒಂದೊಂದಾಗಿ ಕಾಣುವುದಿಲ್ಲ, ಒಂದು ತಿಳಿ ಪಟ್ಟಿ ಆಗುತ್ತವೆ. ಬಾವುಟ ಹಿಡಿದವನು ಹತ್ತಿರ ಬಂದಾಗ ಮಾತ್ರ ಕಾಣುತ್ತವೆ. ಅದೂ ಬೇಕು. ಮುಂದಿನ ಸಾಲಿನವರಿಗೂ ಏನಾದರೂ ಇರಬೇಕಲ್ಲ.

ನಿಜವಾಗಿ ತಲೆ ತಿಂದಿದ್ದು ಮೂರನೆಯ ಬಾವುಟ. ಕೊನೆಯ ದೃಶ್ಯದಲ್ಲಿ ಎರಡು ಸೀಮೆ ಒಂದಾಗುತ್ತವೆ. ಹಳದಿ ಮೇಲೆ, ಕೆಂಪು ಕೆಳಗೆ ಸೇರಿಸಿಬಿಡೋಣ ಅಂತ ಎಲ್ಲರೂ ಅಂದರು. ಸೇರಿಸಿದರೆ ಏನಾಗುತ್ತದೆ? ಕನ್ನಡ ಬಾವುಟ. 1960ರ ದಶಕದಲ್ಲಿ ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ಕೊಟ್ಟ ಅರಿಶಿನ ಕುಂಕುಮದ ಬಾವುಟ. ಅದು ಕಂಡ ತಕ್ಷಣ ಬಯಲಿನಲ್ಲಿ ಕೂತವರು ಜೈಕಾರ ಹಾಕುತ್ತಾರೆ, ಹಾಕಲೇಬೇಕು. ಆ ಬಾವುಟದ ಶಕ್ತಿ ಅಂಥದ್ದು. ಎರಡು ಪಟ್ಟಿ, ಚಿತ್ರ ಇಲ್ಲ, ಅಕ್ಷರ ಇಲ್ಲ. ನವೆಂಬರ್ ಬಂತೆಂದರೆ ಆಟೋ ಸ್ಟ್ಯಾಂಡಿನ ಹುಡುಗರು ಅಳತೆ ಕೇಳದೆ ಹೊಲಿಸುತ್ತಾರೆ, ಒಂದೂ ತಪ್ಪಾಗುವುದಿಲ್ಲ. 2018ರಲ್ಲಿ ರಾಜ್ಯ ಸರ್ಕಾರ ನಡುವೆ ಬಿಳಿ ಪಟ್ಟಿ ಸೇರಿಸಿ, ಅದರಲ್ಲಿ ರಾಜ್ಯ ಲಾಂಛನ ಇಟ್ಟು ಹೊಸ ವಿನ್ಯಾಸ ಮಾಡಿ ಕೇಂದ್ರಕ್ಕೆ ಕಳಿಸಿತು. ಹೊಲಿಯುವವನಾಗಿ ಹೇಳುತ್ತೇನೆ, ನನಗೆ ಹಳೆಯದೇ ಇಷ್ಟ. ಹಳದಿಗೆ ಬಿಳಿ ತಾಗಿದರೆ ಮಂಜಿನಲ್ಲಿ ಎರಡೂ ಕಲೆಸಿಹೋಗುತ್ತವೆ. ಲಾಂಛನವನ್ನಂತೂ ಅಚ್ಚು ಹಾಕಿಸಬೇಕು, ಮನೆಯ ಮಿಷನ್ನಿನಲ್ಲಿ ಹೊಲಿಯಲು ಬರುವುದಿಲ್ಲ.

ನಾಟಕಕ್ಕೆ ಬೇರೆ ದಾರಿ ಬೇಕಿತ್ತು. ಹೊಳೆಸೀಮೆಯ ಕೆಂಪನ್ನೂ ಬಿಳಿ ಅಲೆಯನ್ನೂ ಇಟ್ಟುಕೊಂಡು, ಅಲೆಯನ್ನು ಕೆಳಕ್ಕಿಳಿಸಿದೆ. ಅದರ ಮೇಲೆ ಮೇಲ್ಸೀಮೆಯ ಕೊಪ್ಪೆ ನಿಲ್ಲಿಸಿದೆ. ಕಪ್ಪು ಕೊಪ್ಪೆ ಕೆಂಪಿನ ಮೇಲೆ ಮುಳುಗುತ್ತದೆ, ಅದಕ್ಕೆ ಕೊಪ್ಪೆಯನ್ನೇ ಹಳದಿ ಮಾಡಿದೆ.

"ಹಳದಿ ಕಂಬಳಿ ಎಲ್ಲಾದ್ರೂ ಉಂಟಾ ಅಣ್ಣಾ?" ಅಂತ ನಿರ್ದೇಶಕ ಕೇಳಿದ.

"ಮೇಲ್ಸೀಮೆಯ ಬಣ್ಣ ಕೊಪ್ಪೆಯೊಳಗೆ ಬಂತು, ಆಕಾರ ಹಾಗೇ ಉಳೀತು. ಹೊಳೆಸೀಮೆಯ ನೆಲದ ಮೇಲೆ ನಿಂತಿದ್ದಾರೆ. ಇಬ್ಬರಿಗೂ ಅವರವರ ಪಾಲು ಸಿಕ್ತಲ್ಲ," ಅಂದೆ. ಸ್ವಲ್ಪ ಹೊತ್ತು ಚೀಟಿ ನೋಡಿ, ಇದೇ ಇರಲಿ ಅಂದ.

ಬಯಲಿನ ಆಟ ಮುಗಿದಿದೆ. ಮುಂದಿನದು ತೀರ್ಥಹಳ್ಳಿಯಲ್ಲಿ, ಸಭಾಭವನದ ಒಳಗೆ. ಅಲ್ಲಿ ಗಾಳಿ ಇಲ್ಲ, ಬಾವುಟ ಜೋತೇ ಬೀಳುತ್ತದೆ. ಅದಕ್ಕೆ ಮೇಲಂಚಿನ ಮಡಿಕೆಯೊಳಗೆ ತೆಳ್ಳಗಿನ ಬಿದಿರು ಕಡ್ಡಿ ತೂರಿಸುತ್ತಿದ್ದೇನೆ. ಹೊಳೆಸೀಮೆಯ ಕೆಂಪನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಇನ್ನೊಂದು ಸಲ ನೋಡಬೇಕು.