25 ಅಂಕಿಯವರೆಗೆ ಬಂದು ನಿಲ್ಲುವ ಸಂಖ್ಯೆ

3608528850368400786036725. ಎಡದಿಂದ ಎಷ್ಟು ಅಂಕಿ ತೆಗೆದುಕೊಂಡರೂ ಆ ತುಂಡು ಅಷ್ಟರಿಂದಲೇ ಶೇಷ ಉಳಿಯದೆ ಭಾಗವಾಗುತ್ತದೆ. 36 ಎರಡರಿಂದ, 360 ಮೂರರಿಂದ, 3608 ನಾಲ್ಕರಿಂದ, ಹೀಗೆ 25ರವರೆಗೆ. 25 ಅಂಕಿಗಳಲ್ಲಿ ಇಂಥದ್ದು ಇದೊಂದೇ. 26 ಅಂಕಿಯದ್ದು ಇಲ್ಲವೇ ಇಲ್ಲ.

ಯಾಕೆ ಇಲ್ಲ? ಅದು ನನಗೆ ಬೇಕಿತ್ತು. ಸುಮ್ನೆ ಒಪ್ಪಿಕೊಳ್ಳುವ ಬದಲು ಪೆನ್ನು, ಹಾಳೆ ಹಿಡಿದು ಕೂತೆ.

ಕೆಲಸ ಸುಲಭ. ಇರುವ ಸಂಖ್ಯೆಯ ಕೊನೆಗೆ ಸೊನ್ನೆ ಹಾಕಬೇಕು, ಹೊಸ ಉದ್ದದಿಂದ ಭಾಗಿಸಬೇಕು, ಶೇಷ ನೋಡಿ ಸೊನ್ನೆಯ ಜಾಗಕ್ಕೆ ಸರಿಯಾದ ಅಂಕಿ ತುಂಬಬೇಕು. 9 ಅಂಕಿಯವರೆಗೆ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ, ಯಾವುದಾದರೂ ಒಂದು ಅಂಕಿ ಕೂತೇ ಕೂರುತ್ತದೆ. (1ರಿಂದ 9ರವರೆಗಿನ ಅಂಕಿಗಳನ್ನು ಒಂದೊಂದೇ ಸಲ ಬಳಸಿದ 381654729 ಕೂಡ ಇದೇ ಜಾತಿಯದು. ಅದೂ ಒಂದೇ ಒಂದು.) ಹತ್ತನೆಯದು ಸೊನ್ನೆಯೇ ಆಗಬೇಕು, ಬೇರೆ ದಾರಿ ಇಲ್ಲ.

ಆಟ ಬಿಗಿಯಾಗುವುದು ಅಲ್ಲಿಂದ ಮುಂದೆ. 12 ಅಂಕಿ ಆದಾಗ ನನ್ನ ಹತ್ತಿರ 360852885036 ಇತ್ತು. ಸೊನ್ನೆ ಹಾಕಿ 13ರಿಂದ ಭಾಗಿಸಿದರೆ ಶೇಷ 5. ಹಾಗಾದರೆ 8 ಸೇರಿಸಿದರೆ ಸರಿ, ಅಲ್ವಾ? ಆದರೆ ಶೇಷ 1, 2 ಅಥವಾ 3 ಬಂದಿದ್ದರೆ 12, 11, 10 ಬೇಕಾಗುತ್ತಿತ್ತು. ಅಂಥ ಅಂಕಿಯೇ ಇಲ್ಲ, ದಾರಿ ಅಲ್ಲಿಗೆ ಮುಚ್ಚಿತು. ಉದ್ದ ಹೆಚ್ಚಿದಷ್ಟೂ ಇಂಥ ಕೆಟ್ಟ ಶೇಷಗಳು ಜಾಸ್ತಿ. 20ಕ್ಕೆ ಬರುವಾಗ ಶೇಷಗಳಲ್ಲಿ ಅರ್ಧ ಕೆಟ್ಟವೇ.

ಎಲ್ಲ ಕವಲುಗಳನ್ನೂ ಕೈಯಲ್ಲಿ ಹತ್ತಿ ಇಳಿಯಲು ಆಗುವುದಿಲ್ಲ. ಅದಕ್ಕೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾಲ್ಕಾರು ಸಾಲು ಬರೆದೆ. ಎಕ್ಸೆಲ್ ಇಲ್ಲಿ ಉಪಯೋಗಕ್ಕೆ ಬಾರದು, 15 ಅಂಕಿ ದಾಟಿದರೆ ಉಳಿದದ್ದನ್ನು ಸೊನ್ನೆ ಮಾಡಿಬಿಡುತ್ತದೆ. ಪೈಥಾನ್‌ಗೆ ಆ ತೊಂದರೆ ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು: ಒಟ್ಟು 20456 ಸಂಖ್ಯೆಗಳು. 9 ಅಂಕಿಯವು 2492, 10 ಅಂಕಿಯವೂ ಅಷ್ಟೇ. ಪ್ರತಿಯೊಂದಕ್ಕೂ ಒಂದೊಂದು ಸೊನ್ನೆ ಸೇರಿದರೆ ಲೆಕ್ಕ ಬದಲಾಗುವುದಾದರೂ ಹೇಗೆ? ಆಮೇಲೆ ಇಳಿಜಾರು. 20 ಅಂಕಿಗೆ 44, 23ಕ್ಕೆ 6, 24ಕ್ಕೆ 3, 25ಕ್ಕೆ 1.

ಆ ಕೊನೆಯದನ್ನು ಮಾತ್ರ ಮತ್ತೆ ಕೈಯಲ್ಲೇ ಮಾಡಿದೆ. 26 ಅಂದರೆ 2 × 13, ಹಾಗಾಗಿ 26ನೇ ಅಂಕಿ ಸೇರಿಸಿದ ಮೇಲೆ ಸಂಖ್ಯೆ 13ರಿಂದಲೂ ಭಾಗವಾಗಬೇಕು. 13ರಿಂದ ಭಾಗಿಸಿದಾಗಿನ ಶೇಷ ತಿಳಿಯಲು ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದು ಕೂಡಿ ಒಂದು ಕಳೆಯುತ್ತಾ ಹೋದರೆ ಸಾಕು. ನನಗೆ 516 ಬಂತು, ಅಂದರೆ ಶೇಷ 9. ಕೊನೆಗೊಂದು ಸೊನ್ನೆ ಹಾಕಿದರೆ ಅದು 90ರ ಶೇಷ, 12. ಹಾಗಾಗಿ 13ಕ್ಕೆ ಹೊಂದುವ ಅಂಕಿ 1 ಮಾತ್ರ. ಆದರೆ 26ರಿಂದ ಭಾಗವಾಗಲು ಸಂಖ್ಯೆ ಸಮ ಇರಬೇಕು, 1 ಹಾಕಿದರೆ ಬೆಸವಾಗುತ್ತದೆ. ಮುಂದಿನ ಆಯ್ಕೆ 14, ಅದು ಒಂದು ಮನೆಯಲ್ಲಿ ಹಿಡಿಯುವುದಿಲ್ಲ.