ಪೆರೆಸ್ ಜೆಪ್ಚಿರ್ಚಿರ್ ನೋಡಿ 5ರಿಂದ 21 ಕಿಲೋಮೀಟರ್‌ಗೆ ಹೋಗೋದು ಹೆಂಗ

ಧಾರವಾಡದಾಗ ಮುಂಜಾನೆ ಕೆಸಿಡಿ (ಕರ್ನಾಟಕ ಕಾಲೇಜು) ಗ್ರೌಂಡ್‌ಗೆ ಬರೋ ಹುಡುಗ್ಯಾರು ನನ್ನ ಕೇಳೋದು ಇದನ್ನ: "ಅಕ್ಕಾರ, 5 ಕಿಲೋಮೀಟರ್ ಹೆಂಗೋ ಓಡ್ತೀನ್ರಿ, ಸೀದಾ 42 ಕಿಲೋಮೀಟರಿನ ಫುಲ್ ಮ್ಯಾರಥಾನ್‌ಗೆ ಹೆಸರು ಕೊಡ್ಲೇನ್ರಿ?" ಬ್ಯಾಡ ತಂಗಿ, ಮೊದ್ಲ ಜೆಪ್ಚಿರ್ಚಿರ್ ಹೆಂಗ ಮ್ಯಾಲೆ ಬಂದ್ಲು ನೋಡು.

ಕೀನ್ಯಾದಾಕಿ, 1993ರಾಗ ಹುಟ್ಟಿದಾಕಿ. 2016ಕ್ಕ ಕಾರ್ಡಿಫ್‌ನ್ಯಾಗ ಹಾಫ್ ಮ್ಯಾರಥಾನ್ (21 ಕಿಲೋಮೀಟರ್ ಓಟ) ವರ್ಲ್ಡ್ ಚಾಂಪಿಯನ್, 2017ಕ್ಕ ರಾಸ್ ಅಲ್ ಖೈಮಾದಾಗ 1 ತಾಸು 5 ನಿಮಿಷ 6 ಸೆಕೆಂಡಿಗೆ ಹಾಫ್ ಮುಗಿಸಿ ವರ್ಲ್ಡ್ ರೆಕಾರ್ಡ್. ಫುಲ್ ಮ್ಯಾರಥಾನ್‌ನ್ಯಾಗ ಜಗತ್ತು ತಿರುಗಿ ನೋಡಿದ್ದು ಮಾತ್ರ 2020ರ ಡಿಸೆಂಬರ್‌ನ್ಯಾಗ, ವೆಲೆನ್ಸಿಯಾದಾಗ 2:17:16 ಓಡಿದಾಗ. ಅಷ್ಟು ವರ್ಷ ಹಾಫ್‌ನ್ಯಾಗ ಕಾಲು ಗಟ್ಟಿ ಮಾಡ್ಕೊಂಡಿದ್ಲು.

ಅದಕ್ಕ ನೀವು ಮೊದ್ಲ ಎರಡು ತಿಂಗಳು ವಾರಕ್ಕ ನಾಕು ದಿನ ಸಾವಕಾಶ ಓಡ್ರಿ, ಸಾವಕಾಶ ಅಂದ್ರ ಬಾಜೂಕಿನಾಕಿ ಜೋಡಿ ಮನಿ ಸುದ್ದಿ ಮಾತಾಡ್ಕೋತ ಓಡಬೇಕು, ಮಾತು ಕಡೀತು ಅಂದ್ರ ನೀವು ಜೋರು ಹೊಂಟೀರಿ ಅಂತ ಅರ್ಥ. ರವಿವಾರ ಒಂದ ದಿನ ಉದ್ದ ಓಟ, ವಾರಕ್ಕ ಒಂದು ಕಿಲೋಮೀಟರ್ ಜಾಸ್ತಿ ಮಾಡ್ರಿ, ನಾಕನೇ ವಾರ ಕಡಿಮಿ ಮಾಡಿ ಕಾಲಿಗೆ ಆರಾಮ ಕೊಡ್ರಿ. ಕೆಲಗೇರಿ ಕೆರಿ ಕಡೆ ಮಣ್ಣಿನ ಹಾದಿ ಸಿಕ್ರ ಡಾಂಬರ್ ಬಿಡ್ರಿ, ಮೊಣಕಾಲಿಗೆ ಚಲೋ. ಗದಗ ಕಡೆಯವ್ರು ಮಳಿಗಾಲದಾಗ ಎರಿ ಹೊಲದ ದಾರಿಗೆ ಇಳೀಬ್ಯಾಡ್ರಿ, ಬೂಟಿಗೆ ಕೆಜಿಗಟ್ಲೆ ಮಣ್ಣು ಹತ್ತತೈತಿ.

ಮೂರನೇ ತಿಂಗಳಿಂದ ವಾರಕ್ಕ ಒಂದ್ಸಲ ಫಾರ್ಟ್ಲೆಕ್. ಕೀನ್ಯಾದ ಇಟೆನ್ ಊರಾಗ ಗುರುವಾರ ಮುಂಜಾನೆ ದೊಡ್ಡ ಗುಂಪು ಕೂಡಿ ಇದನ್ನ ಮಾಡ್ತಾರ, ಒಂದು ನಿಮಿಷ ಜೋರು ಒಂದು ನಿಮಿಷ ಸಾವಕಾಶ. ನೀವು ಹತ್ತು ಸಲ ಮಾಡ್ರಿ, ಸಾಕು.

ಈಗ ತಾಯಂದ್ರಿಗೆ. ಜೆಪ್ಚಿರ್ಚಿರ್ ರೆಕಾರ್ಡ್ ಮಾಡಿದ ವರ್ಷನ ಮಗಳನ್ನ ಹಡದ್ಲು, ಮತ್ತ ಹಾಫ್‌ನ್ಯಾಗ ವರ್ಲ್ಡ್ ಚಾಂಪಿಯನ್ ಆಗಿದ್ದು 2020ಕ್ಕ, ಪೋಲೆಂಡಿನ ಗ್ಡಿನಿಯಾದಾಗ. ನಡುವ ಮೂರು ವರ್ಷ! ನಮ್ಮ ಕಡೆ ಬಾಣಂತನ ಮುಗಿಯೋದ್ರಾಗ "ಇನ್ನೇನು ಓಡ್ತಿ ಬಿಡವಾ" ಅಂತಾರ, ಇಲ್ಲಾ ತಾವ ಅವಸರ ಮಾಡಿ ಸೊಂಟ ಹಿಡಿಸ್ಕೊಂತಾರ, ನಾನು ಎರಡನೇ ಸಾಲಿನಾಕಿ, ಮಗ ಎರಡು ತಿಂಗಳಿನಾಂವ ಇದ್ದಾಗ ಓಡಾಕ ಹೋಗಿ ಆಮ್ಯಾಲ ಭಾಳ ದಿನ ನರಳಿದೆ. ಕಡಿಮಿ ಅಂದ್ರೂ ಮೂರು ತಿಂಗಳು ಬಿಡ್ರಿ, ಡಾಕ್ಟರ್‌ಗೆ ತೋರಿಸ್ರಿ, ಮೊದ್ಲ ಬರೇ ನಡೀರಿ, ಆಮ್ಯಾಲ ಒಂದು ನಿಮಿಷ ಓಟ ಎರಡು ನಿಮಿಷ ನಡಿಗಿ. ಸಿಸೇರಿಯನ್ ಆಗಿದ್ರ ಇನ್ನೂ ತಡ ಆದ್ರೂ ಚಿಂತಿಲ್ಲ. ಹಾಲು ಕುಡಸೋರು ಕೂಸಿಗೆ ಕುಡಿಸೇ ಹೊರಗ ಬರ್ರಿ, ಆರಾಮ ಅನಸ್ತೈತಿ.

ಊಟಕ್ಕ ಡಬ್ಬಿ ಪೌಡರ್ ಏನೂ ಬ್ಯಾಡ. ಕೀನ್ಯಾದ ಓಟಗಾರ್ತ್ಯಾರು ಉಣ್ಣೋ ಉಗಾಲಿ ಅಂದ್ರ ಗೋವಿನಜೋಳದ ಹಿಟ್ಟಿನ ಗಟ್ಟಿ ಮುದ್ದಿ, ಅದ ಗೋವಿನಜೋಳ ಹಾವೇರಿಯಾಗ ಹೊಲ ತುಂಬ ಐತಿ. ನಮಗ ರೊಟ್ಟಿ, ಕಾಳುಪಲ್ಯ, ಓಡಿ ಬಂದಮ್ಯಾಲ ಶೇಂಗಾ ಉಂಡಿ, ಉಪ್ಪು ಹಾಕಿದ ಮಜ್ಜಿಗಿ.

ಬ್ಯಾಸಗಿ ಬಗ್ಗೆ ಒಂದು ಮಾತು ಹೇಳಬೇಕು. ಟೋಕಿಯೊ ಒಲಿಂಪಿಕ್ಸ್ ಮ್ಯಾರಥಾನ್ 2021ರ ಆಗಸ್ಟ್‌ನ್ಯಾಗ ಸಪ್ಪೊರೊದಾಗ ಆತು, ಬಿಸಲಿಗೆ ಹೆದರಿ ಮುಂಜಾನೆ 7ರ ಬದ್ಲಿ 6ಕ್ಕ ಶುರು ಮಾಡಿದ್ರು. ಅಲ್ಲಿ ಜೆಪ್ಚಿರ್ಚಿರ್ ಟೈಮ್ 2:27:20, ವೆಲೆನ್ಸಿಯಾಕ್ಕಿಂತ ಹತ್ತು ನಿಮಿಷ ಜಾಸ್ತಿ, ಆದ್ರೂ ಬಂಗಾರದ ಪದಕ ಆಕಿದ! ಹಂಗಾಗಿ ಏಪ್ರಿಲ್ ಮೇದಾಗ ವಾಚ್ ನೋಡಿ ಅಳಬ್ಯಾಡ್ರಿ, 5:30ಕ್ಕ ಮನಿ ಬಿಡ್ರಿ, ಟೈಮ್ ಡಿಸೆಂಬರ್‌ನ್ಯಾಗ ನೋಡೂಣು.

ರೇಸ್ ದಿನ ಮೊದ್ಲ 5 ಕಿಲೋಮೀಟರ್‌ನ್ಯಾಗ ಯಾರು ದಾಟಿ ಹೋದ್ರೂ ಹೋಗ್ಲಿ ಅಂತ ಬಿಡ್ರಿ. 2025ರ ಟೋಕಿಯೊ ವರ್ಲ್ಡ್ ಚಾಂಪಿಯನ್‌ಶಿಪ್‌ನ್ಯಾಗ ಜೆಪ್ಚಿರ್ಚಿರ್ ಇಥಿಯೋಪಿಯಾದ ಓಟಗಾರ್ತಿ ಟಿಗ್ಸ್ಟ್ ಅಸೆಫಾನ್ನ ಹಿಂದ ಹಾಕಿದ್ದು ಸ್ಟೇಡಿಯಂ ಒಳಗ ಬಂದಮ್ಯಾಲ, ಗೆದ್ದಿದ್ದು ಬರೇ 2 ಸೆಕೆಂಡಿಂದ. ನಿಮ್ಮ ಕಾಲಾಗೂ 18ನೇ ಕಿಲೋಮೀಟರ್ ತನಕ ಏನರ ಉಳಿದಿರ್ಲಿ, ಅಲ್ಲಿಂದ ಜೋರು ಹಚ್ಚರಿ.